ಅಡ್ಯಾರಿನ ಗಾಳಿಯ ಲೆಕ್ಕ

ಊರಿನಿಂದ ಬಂದ ನೆಂಟರಿಗೆ ನಮ್ಮವರು ಅಡ್ಯಾರ್ ತೋರಿಸುವ ಕ್ರಮ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಥಿಯಸಾಫಿಕಲ್ ಸೊಸೈಟಿಯ ಆಲದ ಮರ, ಸಂಜೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚ್. “ಸಮುದ್ರದ ಗಾಳಿ, ನೀವು ಪುಣ್ಯವಂತರು” ಎನ್ನುತ್ತಾರೆ ನೆಂಟರು. ಯುವ ಮಿತ್ರರೇ, ಈ ಮಾತು ಎಷ್ಟು ನಿಜ ಎಂದು ನೀವೇ ಏಕೆ ಅಳೆದು ನೋಡಬಾರದು?

ಒಂದು ಸಣ್ಣ ನಡಿಗೆಯಿಂದ ಆರಂಭಿಸೋಣ. 1882ರಲ್ಲಿ ಕರ್ನಲ್ ಆಲ್ಕಾಟ್ ಮತ್ತು ಮೇಡಂ ಬ್ಲಾವಟ್ಸ್‌ಕಿ ಸೊಸೈಟಿಗಾಗಿ ಕೊಂಡ ತೋಟ ಇಂದು 250 ಎಕರೆಗೂ ಹೆಚ್ಚು ಹಬ್ಬಿದೆ. ದೊಡ್ಡಾಲದ ಮೂಲ ಕಾಂಡ 1989ರಲ್ಲಿ ಬಿರುಗಾಳಿಗೆ ಉರುಳಿತು; ಬಿಳಲುಗಳು ಮಾತ್ರ ಮರವನ್ನು ಹಿಡಿದು ನಿಂತಿವೆ. ಅಲ್ಲಿಂದ ಹೊರಬಿದ್ದು ಅಡ್ಯಾರ್ ಸಿಗ್ನಲ್ ಕಡೆ ನಡೆದರೆ ಬಸ್ಸು, ಆಟೋ, ಲಾರಿಗಳ ಸಾಲು. ಸರ್ದಾರ್ ಪಟೇಲ್ ರಸ್ತೆಯಲ್ಲಿ ಮಧ್ಯ ಕೈಲಾಸ್‌ವರೆಗೂ ಇದೇ ಕಥೆ. ಹೆಸರು ಒಂದೇ ಅಡ್ಯಾರ್, ಆದರೆ ಉಸಿರಾಡುವ ಗಾಳಿ ಒಂದೇ ಅಲ್ಲ.

ಹಾಗಾದರೆ ಸರ್ಕಾರ ಅಳೆಯುವುದಿಲ್ಲವೇ? ಅಳೆಯುತ್ತದೆ. ರಾಷ್ಟ್ರೀಯ ಗಾಳಿ ಮಾಪನ ಜಾಲದಲ್ಲಿ ಅಡ್ಯಾರ್ ಕೂಡ ಸೇರಿದೆ. ಈ ಜಾಲದ ನಿಯಮದಂತೆ ವಾರಕ್ಕೆ ಎರಡು ದಿನ, 24 ಗಂಟೆ ಕಾಲ, ಶೋಧಕ ಕಾಗದದ ಮೂಲಕ ಗಾಳಿಯನ್ನು ಎಳೆದು, ಕೂತ ಧೂಳನ್ನು ತೂಗುತ್ತಾರೆ. ವರ್ಷಕ್ಕೆ 104 ಅಳತೆ. ದೀಪಾವಳಿಯ ವೇಳೆ ಬೆಸೆಂಟ್ ನಗರದಲ್ಲೂ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತ್ಯೇಕವಾಗಿ ಅಳೆಯುತ್ತದೆ. ಇದು ನಂಬಿಕೆಗೆ ಅರ್ಹವಾದ ಕೆಲಸ. ಆದರೆ ಯಂತ್ರ ಇರುವುದು ಒಂದು ಕಡೆ. ನೀವು ಬೆಳಿಗ್ಗೆ ಎಂಟೂವರೆಗೆ ಬಸ್ಸಿಗೆ ಕಾಯುವುದು ಇನ್ನೊಂದು ಕಡೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳಬಹುದು. ಈ ಹುಣ್ಣಿಗೆ ಬೇಕು. ಪಿಎಂ 2.5 ಎಂಬ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಕಣ್ಣಿಗೆ ಬೀಳದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. 2009ರ ಭಾರತದ ಮಿತಿಯಂತೆ ಇದು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದ್ದರಿಂದ “ಮಿತಿಯೊಳಗಿದೆ” ಎಂದು ಕೇಳಿದಾಗ, ಯಾರ ಮಿತಿ ಎಂದು ಕೇಳುವುದನ್ನು ಕಲಿಯಿರಿ.

ಜನಸಾಮಾನ್ಯರು ಗಾಳಿ ಅಳೆದದ್ದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಚೆನ್ನೈಗೆ ದಕ್ಷಿಣದಲ್ಲಿರುವ ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ, ಸುತ್ತಲಿನ ಹಳ್ಳಿಯವರು 2004ರಲ್ಲಿ ಈ ಕೆಲಸಕ್ಕೆ ಇಳಿದರು. ಯಾವ ಹೊತ್ತಿಗೆ ಯಾವ ವಾಸನೆ ಬಂತು, ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂದು ಬರೆದಿಟ್ಟರು. ಬಕೆಟ್ಟಿನೊಳಗಿನ ವಿಶೇಷ ಚೀಲದಲ್ಲಿ ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದರು. ವಿಷ ರಾಸಾಯನಿಕಗಳ ಪಟ್ಟಿಯೇ ಹೊರಬಂತು. ಅದುವರೆಗೆ ಬರೀ ವಾಸನೆಯ ದೂರಾಗಿದ್ದದ್ದು ಆಗ ಸಾಕ್ಷಿಯಾಯಿತು. ಬೆಲ್ಜಿಯಂನ ಫ್ಲಾಂಡರ್ಸಿನಲ್ಲಿ 2018ರಲ್ಲಿ 20,000 ಮನೆಗಳವರು ಬೀದಿ ಕಡೆಯ ಕಿಟಕಿಗೆ ಸಣ್ಣ ಕೊಳವೆ ಕಟ್ಟಿ ವಾಹನದ ಹೊಗೆಯಲ್ಲಿರುವ ಅನಿಲವನ್ನು ಅಳೆದರು. ಪಕ್ಕಪಕ್ಕದ ಬೀದಿಗಳಲ್ಲೇ ಎಷ್ಟು ಅಂತರವಿದೆ ಎಂದು ಕಂಡುಕೊಂಡರು. ನಮ್ಮ ಪಕ್ಕದ ಐಐಟಿ ಮದ್ರಾಸಿನ ಸಂಶೋಧಕರು, ಓಡಾಡುವ ವಾಹನಗಳ ಮೇಲೇ ಅಗ್ಗದ ಮಾಪಕ ಕೂರಿಸುವ ವ್ಯವಸ್ಥೆಯನ್ನು 2022ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ಕಾಟ್ರು’, ತಮಿಳಿನಲ್ಲಿ ಗಾಳಿ.

ನೀವು ಮಾಡುವುದಾದರೆ ನಾಲ್ಕು ಮಾತು ನೆನಪಿಡಿ. ಮೊದಲನೆಯದು, ಸೊಸೈಟಿಯ ಗೇಟಿನ ಬಳಿ, ಸಿಗ್ನಲ್ ಹತ್ತಿರ, ಬೀಚ್ ಬಳಿ, ಹೀಗೆ ಮೂರು ಜಾಗ ಆರಿಸಿ ದಿನವೂ ಅದೇ ಹೊತ್ತಿಗೆ ಅಳೆಯಿರಿ. ಎರಡನೆಯದು, ಗಾಳಿಯ ದಿಕ್ಕು ಬರೆಯಿರಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ಹೊಗೆ ಚದುರುತ್ತದೆ. ಚಳಿಗಾಲದ ಮುಂಜಾನೆ ಗಾಳಿ ನಿಂತಾಗ ನೆಲಕ್ಕೆ ಅಂಟುತ್ತದೆ. ಮೂರನೆಯದು, ಅಗ್ಗದ ಮಾಪಕಗಳು ಲೇಸರ್ ಬೆಳಕು ಚದುರುವುದನ್ನು ನೋಡಿ ಕಣ ಎಣಿಸುತ್ತವೆ. ಕಡಲ ತೇವಕ್ಕೆ ಕಣ ಉಬ್ಬಿದರೆ ಲೆಕ್ಕವೂ ಉಬ್ಬುತ್ತದೆ. ಹಾಗಾಗಿ ಮೊದಲು ಯಾವುದಾದರೂ ಒಳ್ಳೆಯ ಯಂತ್ರದ ಪಕ್ಕ ಇಟ್ಟು ಹೋಲಿಸಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೆಟ್ಟ ದಿನ ಮಾತ್ರ ಬರೆದು ಒಳ್ಳೆಯ ದಿನ ಬಿಡಬೇಡಿ. ಒಮ್ಮೆ ಸುಳ್ಳು ಹೊಕ್ಕರೆ ನಿಜವನ್ನೂ ಯಾರೂ ನಂಬುವುದಿಲ್ಲ.

“ಹೊರಗಿನಿಂದ ಬಂದ ನಮಗೆ ಈ ಊರಿನ ಉಸಾಬರಿ ಏಕೆ?” ಎಂದು ಮನೆಯಲ್ಲಿ ಕೇಳಿದರೆ, ಅವರ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ. ಕೆಲಸ ಹುಡುಕಿ ಬಂದವರು ತಲೆ ತಗ್ಗಿಸಿ ಬಾಳಿದರು; ಅದರಿಂದಲೇ ನೀವು ಇಲ್ಲಿ ಓದಿದಿರಿ. ಆದರೆ ನೀವು ಹುಟ್ಟಿದ್ದು ಇಲ್ಲೇ. ಸಿಗ್ನಲ್ಲಿನಲ್ಲಿ ಹೂ ಮಾರುವ ಅಮ್ಮ, ಟ್ರಾಫಿಕ್ ಪೊಲೀಸಿನವರು ಇಡೀ ದಿನ ಉಸಿರಾಡುವ ಗಾಳಿಯೇ ನಿಮ್ಮದೂ. ಅವರೊಡನೆ ತಮಿಳಿನಲ್ಲಿ ವಿಚಾರಿಸಿ, ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ವಿವರಿಸಬಲ್ಲವರು ನೀವೇ.

2018ರ ಭೋಗಿಯ ಮುಂಜಾನೆ ಹೊಗೆ ಕವಿದು ಚೆನ್ನೈ ವಿಮಾನ ನಿಲ್ದಾಣದಲ್ಲಿ ಸಂಚಾರವೇ ಏರುಪೇರಾಯಿತು. ಮುಂದಿನ ಭೋಗಿಗೆ ಹದಿನೈದು ದಿನ ಮೊದಲೇ ಅಳೆಯಲು ತೊಡಗಿ, ಹಬ್ಬದ ನಂತರವೂ ಒಂದು ವಾರ ಮುಂದುವರಿಸಿ. ಲೆಕ್ಕದ ಒಂದು ಪ್ರತಿ ವಾರ್ಡಿನ ಕೌನ್ಸಿಲರಿಗೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಇನ್ನೊಂದನ್ನು ಸಂಘದ ಸಂಕ್ರಾಂತಿ ಕೂಟಕ್ಕೆ ತನ್ನಿ. ಕೂಟ ಹಬ್ಬ ಕಳೆದ ಮೇಲಿನ ಭಾನುವಾರಕ್ಕೆ ಬಿದ್ದರೂ ಸರಿ, ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲೇ ಅದನ್ನು ಹರಡಿ ಓದೋಣ.