ಅವ್ವನ ಶಿವರಾತ್ರಿ

ಹತ್ತನೆಯ ತರಗತಿಗೆ ಉಸಿರಾಟದ ಪಾಠ ಮುಗಿಸಿ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಲಕ್ಷ್ಮೇಶ್ವರದಿಂದ ದಿನಾಲೂ ಬಸ್ಸಿನಲ್ಲಿ ಗದಗಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಉಪಾಸ ಮಾಡಿದ್ರ ಮೈಯಾಗ ಕೀಟೋನ್ ಹುಟ್ಟತಾವಂತ. ಅವು ಇದ್ರ ಲಕ್ವಾ ಹೊಡದ್ರೂ ಮೆದುಳಿಗೆ ಏನೂ ಆಗಂಗಿಲ್ಲಂತ. ನಮ್ಮ ಕಾಕಾ ಮೊಬೈಲ್‌ನ್ಯಾಗ ನೋಡ್ಯಾನ್ರಿ. ಖರೇ ಏನ್ರಿ?"

"ನಾಳೆ ಹೇಳ್ತೀನಿ, ಕೂಡು" ಎಂದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಆ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದವನು ನಾನು.

ನಮ್ಮ ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಅದರ ನಿತ್ಯದ ಆಹಾರ ಗ್ಲೂಕೋಸ್. ಉಪವಾಸ ಬೆಳೆದಂತೆ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೆದುಳು ಅವನ್ನೂ ಉಣ್ಣಬಲ್ಲದು. ಸೋಜಿಗವೆಂದರೆ ತಯಾರಿಸಿದ ಯಕೃತ್ತಿಗೇ ಅವನ್ನು ಬಳಸಲು ಬರುವುದಿಲ್ಲ, ಎಲ್ಲರಿಗೂ ಬಡಿಸಿ ತಾನು ಹಸಿದಿರುವ ನಮ್ಮ ಅವ್ವಂದಿರ ಹಾಗೆ. ಐದಾರು ವಾರ ಉಪವಾಸವಿದ್ದವರ ಮೆದುಳು ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟನ್ನು ಕೀಟೋನ್‌ಗಳಿಂದ ಪಡೆಯುತ್ತದೆಂದು ಅಮೆರಿಕದ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಒಂದು ದಿನದ ಉಪವಾಸಕ್ಕೆ ಹುಟ್ಟುವುದು ಅಲ್ಪವೇ.

ಇದನ್ನೆಲ್ಲ ಓದಿಕೊಂಡ ಮಗ ನಾನು, "ಉಪಾಸ ಮಾಡವ್ವ, ನಿನ್ನ ತಲಿಗೇನೂ ಆಗೂದಿಲ್ಲ" ಎಂದಿದ್ದೆ.

2014ರ ಶಿವರಾತ್ರಿ. ಶಿರಹಟ್ಟಿ ಹತ್ತಿರದ ನಮ್ಮೂರಲ್ಲಿ ಅವ್ವ ಜಾಗರಣೆ ಮುಗಿಸಿ ಬೆಳಗಿನ ಆರಕ್ಕೆ ಮಾತು ತೊದಲಿದಳು. ಬಲಗೈಯೊಳಗಿನ ತಂಬಿಗೆ ಜಾರಿತು. "ನಿದ್ದಿಗೆಟ್ಟಾಳ, ಹೊಟ್ಟ್ಯಾಗ ಏನೂ ಇಲ್ಲ" ಎಂದಳು ಅಕ್ಕ. ನಾನೂ ಹೂಂಗುಟ್ಟಿದೆ. ಬೆಲ್ಲದ ನೀರು ಕುಡಿಸಿ ಮಲಗಿಸಿದೆವು. (ನುಂಗಲಾರದವರಿಗೆ ಕುಡಿಸಿದರೆ ನೀರು ಉಸಿರುನಾಳಕ್ಕೆ ಇಳಿಯಬಹುದು. ಅದೂ ತಪ್ಪೇ.) ಬಾಯಿ ಸೊಟ್ಟಗಾದದ್ದು ಕಂಡು ಗಾಡಿ ಮಾಡಿಕೊಂಡು ಗದಗ ಮುಟ್ಟುವಾಗ ಮಧ್ಯಾಹ್ನ ಒಂದು. ಡಾಕ್ಟರು ಮೊದಲು ಕೇಳಿದ್ದು, "ಎಷ್ಟು ಗಂಟೆಗೆ ಶುರುವಾಯಿತು?" ರಕ್ತದ ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು. ಅದೂ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಕಂಡ ಮೇಲೆ.

ಅವ್ವ ಮುಂದೆ ಆರು ವರ್ಷ ಬದುಕಿದಳು. ರೊಟ್ಟಿ ಬಡಿಯಲಿಲ್ಲ.

ಮರುದಿನ ತರಗತಿಯಲ್ಲಿ ಹೇಳಿದೆ: ಉಪವಾಸದಲ್ಲಿ ಕೊರತೆಯಾಗುವುದು ಸಕ್ಕರೆ, ಲಕ್ವಾದಲ್ಲಿ ನಿಲ್ಲುವುದು ರಕ್ತ. ಕೀಟೋನ್ ಉರಿಯಲೂ ಆಮ್ಲಜನಕ ಬೇಕು. ಎರಡೂ ಬರುವುದು ಅದೇ ನಾಳದಿಂದ. ಮುಂಡರಗಿ ಕಡೆಯ ಹುಡುಗರಿದ್ದರು. ಕಾಲುವೆಯ ಬಾಯಿ ಮುಚ್ಚಿದ ಮೇಲೆ ಹೊಳೆಯಲ್ಲಿ ಎಂಥ ಗೊಬ್ಬರ ಕಲಸಿದರೇನು ಎಂದೆ; ತಿಳಿಯಿತು. ಸತ್ತ ಭಾಗದ ಸುತ್ತ, ಅಷ್ಟಿಷ್ಟು ರಕ್ತ ಒಸರುವ ಅಂಚೊಂದು ಉಳಿದಿರುತ್ತದೆ. ಅಲ್ಲಿ ಕೀಟೋನ್ ನೆರವಾದೀತೆಂದು ಇಲಿಗಳ ಮೇಲಿನ ಕೆಲವು ಪ್ರಯೋಗಗಳು ಆಸೆ ಹುಟ್ಟಿಸಿವೆ. ಮನುಷ್ಯರಲ್ಲಿ ಅದಿನ್ನೂ ಚಿಕಿತ್ಸೆಯೆಂದು ಸಿದ್ಧವಾಗಿಲ್ಲ. ಲಕ್ವಾಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಏರಿದ ರಕ್ತದೊತ್ತಡ, ಅದಕ್ಕೆ ಗುಳಿಗೆ ಇವೆ ಎಂದೂ ಹೇಳಿದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ಕಾಕಾಗ ಬಿ.ಪಿ. ಐತ್ರಿ ಸರ. ಗುಳಿಗಿ ಬಿಟ್ಟು ಉಪಾಸ ಹಿಡದಾನ್ರಿ" ಎಂದಳು.

ಅಂದು ಸಂಜೆ ನಾನೂ ಅವಳೊಂದಿಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.