ಪೆನ್ಸಿಲ್ಲಿಗಿಂತ ಮೊದಲು ಬೆರಳು

ಜಿಲ್ಲೆಯಲ್ಲಿ ಸ್ಟ್ರಿಂಜರ್ ಆಗಿರುವವರಿಗೆ ಅಂಗನವಾಡಿ ಸುದ್ದಿ ಹೊಸದಲ್ಲ. ಮೊಟ್ಟೆ ಬಂದಿಲ್ಲ, ಚಾವಣಿ ಸೋರುತ್ತಿದೆ, ಗೌರವಧನಕ್ಕಾಗಿ ಕಾರ್ಯಕರ್ತೆಯರ ಧರಣಿ. ಇವುಗಳಲ್ಲಿ ಒಂದಲ್ಲ ಒಂದು ಆಗಾಗ ಇದ್ದೇ ಇರುತ್ತದೆ. ಒಳಗೆ ಕೂತ ಮಗು ಏನು ಕಲಿಯುತ್ತಿದೆ ಎಂದು ಬರೆದು ಕಳಿಸಿದರೆ ಮಾತ್ರ ಡೆಸ್ಕಿನಿಂದ ‘ಇದರಲ್ಲಿ ಸುದ್ದಿ ಎಲ್ಲಿದೆ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಇಲ್ಲಿ ನಾವು ಎಂದರೆ ಗಂಡ-ಹೆಂಡತಿ ಇಬ್ಬರೂ.

ನಮ್ಮ ಮಗಳಿಗೆ ನಾಲ್ಕು ವರ್ಷ. ಈ ಜೂನ್ ಬಂದಾಗಿನಿಂದ ಬೀದಿಯಲ್ಲಿ ಸಿಕ್ಕವರದೆಲ್ಲ ಒಂದೇ ಮಾತು: ‘ಇನ್ನೂ ಅಂಗನವಾಡಿಗೇ ಕಳಿಸ್ತಾ ಇದೀರಾ?’ ಬೆಳಗ್ಗೆ ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂ ನರ್ಸರಿಯ ವ್ಯಾನು ಬರುತ್ತದೆ. ನಮ್ಮ ಬೀದಿಯಲ್ಲಿ ಅವಳ ವಯಸ್ಸಿನ ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಅದನ್ನು ಹತ್ತುತ್ತವೆ. ಮನೆಯಲ್ಲಿ ಅಜ್ಜಿಗೂ ಅದೇ ಚಿಂತೆ. ‘ಪಕ್ಕದ್ಮನೆ ಹೈದ ಆಗ್ಲೇ ಎಬಿಸಿಡಿ ಬರೀತಾನೆ, ನಮ್ಮ ಕೂಸು ಮಣ್ಣುಂಡೆ ಕಟ್ಕೊಂಡು ಬತ್ತದೆ’ ಎನ್ನುತ್ತಾರೆ.

ಆ ಹೈದನಿಗೆ ಮೂರೂವರೆ. ಸಂಜೆ ಅವರಮ್ಮ ಅವನನ್ನು ನಮ್ಮ ಜಗಲಿಗೇ ಕರೆತಂದು ಹೋಂವರ್ಕು ಬರೆಸುತ್ತಾಳೆ. ಅವನು ಪೆನ್ಸಿಲ್ಲನ್ನು ಸೌಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾನೆ. ಒತ್ತಿ ಒತ್ತಿ ಮುಳ್ಳು ಮುರಿಯುತ್ತದೆ, ಕೊನೆಗೆ ಅಳು. ಪುಟದ ತುಂಬ ‘ಬಿ’ ಬರೆದ ದಿನ, ಇದೇನಪ್ಪ ಎಂದು ಕೇಳಿದೆವು. ‘ಹೋಂವರ್ಕು’ ಎಂದ.

ಇದು ಮಗುವಿನ ಸೋಮಾರಿತನವಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಯಾಗಿರುವುದಿಲ್ಲ, ಕಿವಿಯ ಹಾಲೆಯ ಹಾಗೆ ಮೆತ್ತಗಿರುತ್ತವೆ. ಗಟ್ಟಿಯಾಗುವುದು ವರ್ಷಗಳ ಮೇಲೆ, ಒಂದೊಂದಾಗಿ. ಗೆರೆ ಎಳೆಯುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಗು ನೋಡಿಕೊಂಡು ದುಂಡಗೆ ಸುತ್ತುತ್ತದೆ, ನಾಲ್ಕರ ಹೊತ್ತಿಗೆ ಕೂಡುವ ಗುರುತು ಹಾಕುತ್ತದೆ, ಆಮೇಲೆ ಚೌಕ, ಐದರ ಹೊತ್ತಿಗೆ ತ್ರಿಕೋನ. ದುಂಡಗೆ ಸುತ್ತುವ ಕೈಗೆ ನಾಲ್ಕು ಗೆರೆ ಕಾಪಿ ಪುಸ್ತಕ ಕೊಟ್ಟರೆ ಅಳು ಬಾರದೆ ಇನ್ನೇನು ಬಂದೀತು?

ಕನ್ನಡದ ಅಕ್ಷರಗಳಲ್ಲಂತೂ ಬಾಗು-ಬಳುಕು ಹೆಚ್ಚು. ವರ್ಣಮಾಲೆಯ ಮೊದಲನೆಯದೆಂದು ‘ಅ’ ಕೈಗೆ ಸುಲಭವೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ, ಒಂದನೇ ತರಗತಿ ಮಕ್ಕಳಿಗೆ ಅಕ್ಷರ ಕಲಿಸುವುದು ವರ್ಣಮಾಲೆಯ ಸಾಲಿನಲ್ಲಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಆದರೆ ಅದು ಆರು ವರ್ಷದ ಮಾತು. ಅದಕ್ಕೆ ಮೊದಲು ಬೆರಳು, ಕಣ್ಣು, ಕಿವಿ ಮೂರೂ ತಯಾರಾಗಬೇಕು.

ನಮ್ಮ ಅಂಗನವಾಡಿ ಟೀಚರಮ್ಮ ಮಾಡುವುದು ಅದನ್ನೇ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಗೆರೆ ಎಳೆಸುತ್ತಾರೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ದೊಡ್ಡ ‘ರ’ ಬರೆದು, ಅದರ ಮೇಲೆ ಹುಣಸೆಬೀಜ ಜೋಡಿಸುವುದು ಮಕ್ಕಳ ಕೆಲಸ. ನಾವು ಕೊಡುವ ಹಳೇ ಪೇಪರನ್ನು ಮಕ್ಕಳು ಸಣ್ಣಗೆ ಹರಿದು ಅಂಟಿಸುತ್ತವೆ. ನಮ್ಮ ವರದಿಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಕ್ಕಿದ್ದು ನೆನಪಿಲ್ಲ. ಮಧ್ಯೆ ಹಾಡು, ಕಥೆ, ‘ಮ’ದಿಂದ ಶುರುವಾಗುವ ಹೆಸರು ಹೇಳುವ ಆಟ. ‘ಬೆರಳು ಹದಕ್ಕೆ ಬರ್ಲಿ ಅಣ್ಣ, ಪೆನ್ಸಿಲ್ಲು ಎಲ್ಲಿಗೂ ಓಡೋಗಲ್ಲ’ ಎನ್ನುತ್ತಾರೆ ಅವರು.

ಮನೆಯಲ್ಲೂ ಇದಕ್ಕೆ ಖರ್ಚಿಲ್ಲ. ಅವರೆಕಾಯಿ ಕಾಲದಲ್ಲಿ ಅಜ್ಜಿಯ ಪಕ್ಕ ಕೂತು ಕಾಯಿ ಬಿಡಿಸುವುದು, ನೆನೆಸಿದ ಕಾಳನ್ನು ಹೆಬ್ಬೆರಳು-ತೋರುಬೆರಳಲ್ಲಿ ಹಿದುಕುವುದು. ಪೆನ್ಸಿಲ್ ಹಿಡಿಯುವುದೂ ಅವೇ ಬೆರಳು. ಚಪಾತಿ ಹಿಟ್ಟಿನ ಉಂಡೆ, ಅಂಗಿಯ ಗುಂಡಿ, ಹೂ ಪೋಣಿಸುವುದು ಎಲ್ಲವೂ ಅಭ್ಯಾಸವೇ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಕಾಳು-ಬೀಜ ಕೊಡಬೇಡಿ, ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತವೆ. ದೊಡ್ಡ ಮಕ್ಕಳಿಗೆ ಕೊಟ್ಟಾಗಲೂ ಪಕ್ಕದಲ್ಲಿ ಯಾರಾದರೂ ಇರಬೇಕು.

ಹಾಗೆಂದು ವ್ಯಾನು ಹತ್ತಿಸುವ ಅಪ್ಪ-ಅಮ್ಮಂದಿರನ್ನು ಬೈಯಲು ನಮಗೆ ಬಾಯಿಲ್ಲ. ಡೇರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ಫೀಸು ಕಟ್ಟುತ್ತಾರೆ. ನಮ್ಮ ಮಕ್ಕಳಾದರೂ ಇಂಗ್ಲಿಷ್ ಕಲಿಯಲಿ ಎಂಬ ಆಸೆ ತಪ್ಪಲ್ಲ. ಅಂಗನವಾಡಿಯಲ್ಲೂ ಕೊರತೆಗಳಿವೆ. ತೂಕ ನೋಡುವುದು, ಮನೆಗೆ ಆಹಾರ ಹಂಚುವುದು, ಮೊಬೈಲಿನ ಪೋಷಣ್ ಟ್ರ್ಯಾಕರ್ ತುಂಬುವುದು, ಸರ್ವೆ, ಮೀಟಿಂಗು ಎಲ್ಲ ಒಬ್ಬರದ್ದೇ ಕೆಲಸ. ಟೀಚರಮ್ಮ ಮೀಟಿಂಗಿಗೆ ಹೋದ ದಿನ ಸಹಾಯಕಿ ಅಡುಗೆ ನೋಡಬೇಕೋ ಮಕ್ಕಳನ್ನು ನೋಡಬೇಕೋ?

1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಊಟ, ಚುಚ್ಚುಮದ್ದಿನ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತವೆಂದು ಕರೆದು, ಆಟದ ಮೂಲಕ ಕಲಿಕೆ ಎಂದಿತು. ಇತ್ತ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೇ ಬಾರದಿದ್ದರೆ ಅಂಗನವಾಡಿ ಇರುತ್ತದೆಯೇ ಎಂಬುದು ಅವರ ಭಯ. ನಮ್ಮೂರ ಕೇಂದ್ರದಲ್ಲಿ ಎರಡು ವರ್ಷದ ಹಿಂದೆ ಇಪ್ಪತ್ತೆರಡು ಮಕ್ಕಳಿದ್ದವು, ಈಗ ಒಂಬತ್ತು. ಇನ್ನೂ ಕಡಿಮೆಯಾದರೆ ನಷ್ಟ ವ್ಯಾನಿನ ಫೀಸು ಕಟ್ಟಲಾಗದ ಮನೆಗಳ ಮಕ್ಕಳಿಗೆ.

ಮಗಳನ್ನು ಇನ್ನೊಂದು ವರ್ಷ ಅಂಗನವಾಡಿಗೇ ಕಳಿಸುವುದೆಂದು ತೀರ್ಮಾನಿಸಿದ್ದೇವೆ. ಬಾಲವಿಕಾಸ ಸಮಿತಿ ಸಭೆಗೂ ಹೋಗುತ್ತಿದ್ದೇವೆ. ಕಳೆದ ಸಭೆಯಲ್ಲಿ, ಮೀಟಿಂಗಿನ ದಿನ ಒಬ್ಬ ತಾಯಿ ಬಂದು ಮಕ್ಕಳಿಗೆ ಕಥೆ ಹೇಳುವುದೆಂದು ಒಪ್ಪಿಕೊಂಡರು. ಪಟ್ಟಿಯಲ್ಲಿ ಈವರೆಗೆ ಬಂದಿರುವುದು ಮೂರೇ ಹೆಸರು.

ಗೆಳೆಯರೇ, ಮುಂದಿನ ಸಲ ಮೊಟ್ಟೆ ಸುದ್ದಿಗೆಂದು ಅಂಗನವಾಡಿಗೆ ಹೋದಾಗ ಹತ್ತು ನಿಮಿಷ ಮಕ್ಕಳ ಜೊತೆ ಚಾಪೆ ಮೇಲೆ ಕೂತುಕೊಳ್ಳಿ. ಇವತ್ತು ಏನು ಆಡಿಸಿದಿರಿ ಎಂದು ಟೀಚರಮ್ಮನನ್ನು ಕೇಳಿ. ಕೇಳುವವರೇ ಇಲ್ಲ ಎನ್ನುವುದು ಅವರ ದೊಡ್ಡ ಬೇಸರ.