ಯಾವ ಕಮಲಾಪುರ?

ಕಮಲಾಪುರದ ಕೆಂಪು ಬಾಳೆಯ ತೋಟಗಳ ನಡುವೆ ಬೆಳೆದ ತರುಣನೊಬ್ಬನು ಕಲಬುರಗಿಯ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿದ್ದನು. ಅವನ ತಂದೆ ಟಪಾಲು ಖಾತೆಯಿಂದ ನಿವೃತ್ತರಾದವರು.

ಅವನು ದುಡಿಯುತ್ತಿದ್ದುದು ಕುಬರ್ನೆಟೀಸ್ ಎಂಬ ವ್ಯವಸ್ಥೆಯೊಡನೆ. ಗ್ರೀಕಿನಲ್ಲಿ ಈ ಹೆಸರಿಗೆ ಚುಕ್ಕಾಣಿ ಹಿಡಿಯುವವನೆಂದು ಅರ್ಥ. 2014ರಲ್ಲಿ ಗೂಗಲ್ ಸಂಸ್ಥೆಯು ಲೋಕದ ಮುಂದೆ ತೆರೆದಿಟ್ಟ ಈ ವ್ಯವಸ್ಥೆಯು, ಕಂಟೇನರುಗಳೆಂಬ ಪೆಟ್ಟಿಗೆಗಳಲ್ಲಿ ಕಟ್ಟಿಟ್ಟ ಪ್ರೋಗ್ರಾಮುಗಳನ್ನು ಯಂತ್ರಗಳ ಸಮೂಹದ ಮೇಲೆ, ಎಂದರೆ ಕ್ಲಸ್ಟರಿನ ಮೇಲೆ, ನಡೆಸುತ್ತದೆ. ಕ್ಲಸ್ಟರಿನ ಒಳಗೇ ಇರುವ ಪ್ರೋಗ್ರಾಮಿಗೆ ಅಲ್ಲಿಯ ಗುರುತುಪತ್ರವು ಕೈಯೆಟಕಿನಲ್ಲಿಯೇ ದೊರೆಯುತ್ತದೆ. ಹೊರಗಿನಿಂದ ಅಪ್ಪಣೆ ಕೊಡುವ ಪ್ರೋಗ್ರಾಮಾದರೋ ಕುಬ್‌ಕಾನ್ಫಿಗ್ ಎಂಬ ಕಡತವನ್ನು ಓದಬೇಕು. ಅದರಲ್ಲಿರುವ ಪಟ್ಟಿಗಳು ಮೂರು: ಕ್ಲಸ್ಟರುಗಳ ವಿಳಾಸ, ಬಳಕೆದಾರರ ಗುರುತು, ಇವೆರಡನ್ನು ಜೋಡಿಸಿ ಹೆಸರಿಟ್ಟ ಕಾಂಟೆಕ್ಸ್ಟುಗಳು. ಇಂಥದೇ ಬೇಕೆಂದು ಹೇಳದಿದ್ದರೆ, 'ಸದ್ಯದ ಕಾಂಟೆಕ್ಸ್ಟ್' ಎಂದು ಕಡತದಲ್ಲಿ ಯಾವುದು ಬರೆದಿದೆಯೋ ಅದನ್ನೇ ಪ್ರೋಗ್ರಾಮು ಮರುಮಾತಿಲ್ಲದೆ ಹಿಡಿಯುತ್ತದೆ.

ಒಂದು ಶನಿವಾರ ಸಂಜೆ ತರುಣನು ಕಚೇರಿಯಲ್ಲಿ ಜನರು ಬಳಸುವ ಕ್ಲಸ್ಟರನ್ನು ನೋಡಿ, ಕಾಂಟೆಕ್ಸ್ಟನ್ನು ಹಾಗೆಯೇ ಬಿಟ್ಟು ಊರಿಗೆ ಬಂದನು. ಮರುದಿನ ಮನೆಯ ಪಡಸಾಲೆಯಲ್ಲಿ ಕುಳಿತು, ಪರೀಕ್ಷೆಯ ಕ್ಲಸ್ಟರಿನಲ್ಲಿದ್ದ ಬೇಡವಾದುದನ್ನು ಅಳಿಸಲೆಂದು ತಾನು ಬರೆದ ಪ್ರೋಗ್ರಾಮನ್ನು ಓಡಿಸಿದನು. ಅಳಿದುದು ಪರೀಕ್ಷೆಯದಲ್ಲ. ಜನರ ಕೆಲಸ ನಿಂತಿತು. ಎಲ್ಲವನ್ನೂ ಮರಳಿ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಊಟ ಬಿಟ್ಟು ಕುಳಿತ ಮಗನ ಮಾತನ್ನೆಲ್ಲ ಕೇಳಿ ತಂದೆಯೆಂದರು: "ತಮ್ಮಾ, ಕಮಲಾಪುರ ಅಂತ ಅಷ್ಟೇ ಬರದ್ರ ಯಾವ ಕಮಲಾಪುರ? ಹಂಪಿ ಬಲ್ಲಿನೂ ಒಂದದ. ಅದಕ್ಕೇ ಪಿನ್ ನಂಬರ್ ನೋಡ್ತಿದ್ದೆವು."

1972ರಲ್ಲಿ ಆರಂಕಿಯ ಪಿನ್ ಬಂದುದು ಇಂಥ ಗೊಂದಲಕ್ಕೆಂದೇ ಅಲ್ಲವೆ? ಹೆಸರು ಮನುಷ್ಯರ ಅನುಕೂಲಕ್ಕೆ, ಅದು ಬದಲಾಗಲೂಬಹುದು. 2014ರ ನವೆಂಬರಿನಲ್ಲಿ ಗುಲಬರ್ಗಾ ಎಂಬುದು ಕಲಬುರಗಿಯಾಯಿತು. ಆದರೂ ಬಹಮನಿ ಕೋಟೆ ಇದ್ದಲ್ಲಿಯೇ ಇದೆ.

ಅಂದು ರಾತ್ರಿಯೇ ತರುಣನು ಪ್ರೋಗ್ರಾಮನ್ನು ತಿದ್ದಿದನು. ಕಾಂಟೆಕ್ಸ್ಟನ್ನು ಸ್ಪಷ್ಟವಾಗಿ ಹೆಸರಿಸದೆ ಅದು ಮುಂದೆ ಹೆಜ್ಜೆಯಿಡದು. ಹೆಸರಿಸಿದ ಮೇಲೂ ಆ ಹೆಸರಿನ ಹಿಂದಿರುವ ಸರ್ವರಿನ ವಿಳಾಸವನ್ನು ತಾಳೆ ನೋಡಿಯೇ ಅಳಿಸುತ್ತದೆ. ದಿನನಿತ್ಯದ ತನ್ನ ಗುರುತಿಗಿದ್ದ ಅಳಿಸುವ ಅಧಿಕಾರವನ್ನು, ಜನರು ಬಳಸುವ ಕ್ಲಸ್ಟರಿನ ಮಟ್ಟಿಗೆ, ತಾನೇ ಹೇಳಿ ತೆಗೆಸಿಕೊಂಡನು.

ಸೋಮವಾರ ಬೆಳಿಗ್ಗೆ ಕಲಬುರಗಿಯ ಬಸ್ಸು ಹತ್ತುವಾಗ ತಂದೆ ಬಾಳೆಹಣ್ಣಿನ ಚೀಲವನ್ನು ಕೈಗಿತ್ತು, ಬಸ್ಸಿನ ಫಲಕವನ್ನು ತಾವೇ ಒಮ್ಮೆ ಓದಿ ನೋಡಿದರು.